ಹಿಂದಿನ ಚಕ್ರ ಕಾಯುತ್ತಿದೆಯೇ? ಹಳೆಯ ಕಾರಿನ ಹಿಂಬದಿ ಬ್ರೇಕ್ ದೋಷ ಹುಡುಕುವ ಬಗೆ

ಹಳೆಯ ಆಲ್ಟೋ, ವ್ಯಾಗನ್ ಆರ್, ಸ್ಯಾಂಟ್ರೋ, ಇಂಡಿಕಾ ಇವೆಲ್ಲದರ ಹಿಂದಿನ ಚಕ್ರಗಳಲ್ಲಿ ಇರುವುದು ಡ್ರಮ್ ಬ್ರೇಕ್. ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಎರಡು ಬಾಗಿದ ಶೂ ಒತ್ತಿಕೊಂಡು ಚಕ್ರ ನಿಲ್ಲಿಸುತ್ತವೆ, ಶೂ ಮೇಲಿನ ಉಜ್ಜುವ ಪದರವೇ ಲೈನರ್. ಬ್ರೇಕ್ ಒತ್ತಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಾಗಾಗಿ ಹೆಚ್ಚಿನ ಕೆಲಸ ಮುಂದಿನ ಬ್ರೇಕ್‌ನದು. ಹಿಂದಿನದು ಸಹಾಯಕ್ಕೆ ಅಷ್ಟೇ. ಸಾಮಾನ್ಯ ಓಡಾಟದಲ್ಲಿ ಹಿಂದಿನ ಚಕ್ರ ಮುಂದಿನದಕ್ಕಿಂತ ಜಾಸ್ತಿ ಕಾದಿದ್ದರೆ ಒಳಗೆ ಏನೋ ಹಿಡಿದುಕೊಂಡಿದೆ ಎಂದೇ ತಿಳಿಯಿರಿ.

ಇಂಥ ದೂರು ತೆಗೆದುಕೊಂಡು ಗ್ಯಾರೇಜಿಗೆ ಹೋದರೆ ಬಹಳ ಸಲ ಸಿಗುವ ಉತ್ತರ ಒಂದೇ: 'ಸಾ, ಲೈನರ್ ಹೋಗಿದೆ, ಎರಡೂ ಕಡೆ ಹೊಸ ಶೂ ಹಾಕ್ಬಿಡೋಣ.' ಲೈನರ್ ಸವೆದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಸವೆದ ಲೈನರ್ ತಾನಾಗಿ ಕಾಯುವುದಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದೋ, ಆಯಿಲ್ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರ್ ಜಾಮ್ ಆಗಿಯೋ ಶೂ ಹಿಂದಕ್ಕೆ ಬರುತ್ತಿಲ್ಲ ಎಂದಾದರೆ, ಹೊಸ ಶೂ ಇನ್ನೂ ದಪ್ಪ ಇರುತ್ತದಲ್ಲ, ಅದು ಇನ್ನೂ ಬಿಗಿಯಾಗಿ ಉಜ್ಜಿಕೊಂಡು ಬೇಗ ಸುಡುತ್ತದೆ. ದುಡ್ಡು ಬಿಚ್ಚುವ ಮೊದಲು ಎರಡು ಪ್ರಶ್ನೆಗೆ ಉತ್ತರ ಹುಡುಕಿ. ಕಾಯುತ್ತಿರುವುದು ಒಂದು ಚಕ್ರವಾ, ಎರಡೂನಾ? ಹೊರಟಾಗಿನಿಂದಲೇ ಹಿಡಿಯುತ್ತದಾ, ಸ್ವಲ್ಪ ದೂರ ಓಡಿದ ಮೇಲಾ? ಮುಂದಿನ ಎಲ್ಲ ಪರೀಕ್ಷೆಯೂ ಈ ಎರಡರ ಮೇಲೆ ನಿಂತಿದೆ.

ಈಗಲೇ ಹೊಗೆ ಬರುತ್ತಿದೆ, ಅಥವಾ ಪೆಡಲ್ ಒಳಕ್ಕೆ ಹೋಗುತ್ತಿದೆ

ಮೊದಲು ಗಾಡಿ ನಿಲ್ಲಿಸಿ. 'ಇನ್ನೇನು ಮದ್ದೂರು ಬಂತು, ಅಲ್ಲಿ ನೋಡೋಣ' ಅನ್ನಬೇಡಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿದ್ದರೆ ಗೇರ್ ಇಳಿಸುತ್ತಾ ಎಡ ಅಂಚಿಗೆ ಬಂದು, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರನ್ನೂ ಇಳಿಸಿ ತಡೆಗಂಬಿಯ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಬೆಂಕಿ ಕಂಡರೆ 112.

ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡ್ರಮ್ಮಿಗೆ ಶೂ ಒತ್ತಿ ಇಟ್ಟರೆ ಅಲ್ಲೇ ಕಚ್ಚಿಕೊಳ್ಳಬಹುದು. ಮೊದಲನೇ ಗೇರಿಗೆ ಹಾಕಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ನೀರು ಸುರಿಯಬೇಡಿ. ಡ್ರಮ್ ಎರಕದ ಕಬ್ಬಿಣದ್ದು, ಕಾದಿದ್ದಾಗ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ ಅಥವಾ ಸೊಟ್ಟಗಾಗುತ್ತದೆ. ಟೈರಿನ ಎದುರಿಗೆ ನಿಂತು ಬಗ್ಗಿ ನೋಡಬೇಡಿ, ಜಾಸ್ತಿ ಕಾದ ಟೈರ್ ಸಿಡಿಯಬಹುದು. ತಣ್ಣಗಾಗಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗಿದ್ದರೆ ಬ್ರೇಕ್ ಆಯಿಲ್ ಕುದಿದು ಒಳಗೆ ಆವಿ ತುಂಬಿದೆ ಎಂದರ್ಥ. ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿ ಆಯಿತು ಅಂತ ಓಡಿಸಿಕೊಂಡು ಹೋಗಬೇಡಿ, ಟೋಯಿಂಗ್ ಗಾಡಿ ಕರೆಸಿ. ಹಿಂದಿನ ಚಕ್ರ ತಿರುಗುತ್ತಲೇ ಇಲ್ಲ ಎಂದಾದರೆ ಪೂರ್ತಿ ಕಾರನ್ನು ಮೇಲೆ ಹೊತ್ತೊಯ್ಯುವ ಗಾಡಿಯೇ ಬೇಕು, ಎಳೆದುಕೊಂಡು ಹೋಗುವುದಲ್ಲ.

ಸುಟ್ಟ ವಾಸನೆ ಇದೆ, ಆದರೆ ಎಲ್ಲಿಂದ ಅಂತ ಗೊತ್ತಾಗುತ್ತಿಲ್ಲ

ಚಾಮುಂಡಿ ಬೆಟ್ಟ ಇಳಿದು ಬಂದ ಮೇಲೆ ಮುಂದಿನ ಚಕ್ರದ ಹತ್ತಿರ ಸ್ವಲ್ಪ ವಾಸನೆ ಬಂದರೆ ಗಾಬರಿ ಬೇಡ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದಿದ್ದೀರಿ, ಅಷ್ಟೇ. ಬೆಟ್ಟ ಹತ್ತುವಾಗ ಬಂದ ವಾಸನೆಯಾದರೆ ಕ್ಲಚ್ಚಿನದು ಇರಬಹುದು, ಅದು ಬಾನೆಟ್ ಕಡೆಯಿಂದ ಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಓಡಿಸಿದ ಮೇಲೂ ಹಿಂದಿನ ಚಕ್ರದ ಹತ್ತಿರವೇ ವಾಸನೆ ಬಂದರೆ ಮಾತ್ರ ಈ ಬರಹ ನಿಮಗೆ.

ಖರ್ಚಿಲ್ಲದ ಪರೀಕ್ಷೆ ಹೀಗೆ. ಬೆಳಗ್ಗೆ ತಣ್ಣಗಿರುವ ಕಾರನ್ನು ಸಿಗ್ನಲ್ ಕಮ್ಮಿ ಇರುವ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ. ಮೈಸೂರಿನವರಿಗೆ ನಂಜನಗೂಡು ರಸ್ತೆ ಸಾಕು. ಬ್ರೇಕ್ ಆದಷ್ಟು ಕಮ್ಮಿ ಬಳಸಿ, ಹಾಗಂತ ಎದುರಿಗೆ ಹಸು ಬಂದರೆ ಪರೀಕ್ಷೆ ಅಂತ ಕೂರಬೇಡಿ. ಕೊನೆಗೆ ಗೇರ್ ಇಳಿಸುತ್ತಾ ವೇಗ ತಗ್ಗಿಸಿ ನಿಲ್ಲಿಸಿ. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ತೋರಿಸಿ. ಮುಟ್ಟಬೇಡಿ, ಸುಮ್ನೆ ಹತ್ತಿರ ಹಿಡಿಯಿರಿ. ಹಿಂದಿನ ಎರಡೂ ಬೆಚ್ಚಗಿದ್ದು, ಮುಂದಿನದು ಸ್ವಲ್ಪ ಜಾಸ್ತಿ ಇದ್ದರೆ ಎಲ್ಲ ಸರಿ ಇದೆ. ಅನುಮಾನ ಇದ್ದರೆ ನಟ್‌ಗಳ ನಡುವಿನ ಲೋಹದ ಮೇಲೆ ಬೆರಳಿಂದ ಒಂದೆರಡು ಹನಿ ನೀರು ಚಿಮುಕಿಸಿ. ಚುರ್ ಅಂತ ಆವಿಯಾದರೆ ಅಲ್ಲಿ 100 ಡಿಗ್ರಿ ದಾಟಿದೆ. ಹನಿ ಅಂದರೆ ಹನಿ, ಚೊಂಬಲ್ಲ. ದೂರದಿಂದಲೇ ಶಾಖ ಅಳೆಯುವ ಪುಟ್ಟ ಥರ್ಮಾಮೀಟರ್ ಗನ್ ಇದ್ದರೆ ಇನ್ನೂ ಒಳ್ಳೆಯದು, ಎಡಬಲದ ವ್ಯತ್ಯಾಸ ಅಂಕಿಯಲ್ಲೇ ಸಿಗುತ್ತದೆ.

ನೋಡಿದ್ದನ್ನು ಬರೆದಿಟ್ಟುಕೊಳ್ಳಿ: ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಮೆಕ್ಯಾನಿಕ್‌ಗೆ ಈ ಚೀಟಿ ತೋರಿಸಿದರೆ ಅವನ ಕೆಲಸ ಅರ್ಧ ಮುಗಿಯಿತು.

ಬೆಳಗ್ಗೆ ಹೊರಡುವಾಗ 'ಟಪ್' ಅಂದು ಬಿಡುತ್ತದೆ

ಆಯುಧಪೂಜೆಯ ಮಾರನೇ ದಿನ ಇದು ಮನೆಮನೆಯ ಕತೆ. ಹಿಂದಿನ ಸಂಜೆ ಕಾರಿಗೆ ಚೆನ್ನಾಗಿ ನೀರು ಹೊಡೆದು ತೊಳೆದಿರುತ್ತೀರಿ. ಕುಂಬಳಕಾಯಿ ಒಡೆದು, ನಿಂಬೆಹಣ್ಣು ತುಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿರುತ್ತೀರಿ. ಡ್ರಮ್ಮಿನೊಳಗೆ ಹೋದ ನೀರಿಗೆ ರಾತ್ರಿಯೇ ತೆಳ್ಳಗೆ ತುಕ್ಕು ಹಿಡಿದು ಶೂ ಅಂಟಿಕೊಳ್ಳುತ್ತದೆ. ಗಾಡಿ ಎಳೆದಾಗ ಟಪ್ ಅಂತ ಬಿಟ್ಟು ಆಮೇಲೆ ಸಲೀಸಾಗಿ ಓಡಿದರೆ ಅದು ದೋಷವಲ್ಲ. ತೊಳೆದ ಮೇಲೆ ಒಂದು ಸುತ್ತು ಓಡಿಸಿ ಮೂರ್ನಾಲ್ಕು ಸಲ ಬ್ರೇಕ್ ಒತ್ತಿ ಒಣಗಿಸಿದರೆ ಈ ತೊಂದರೆ ಬರುವುದಿಲ್ಲ.

ಬಿಟ್ಟ ಮೇಲೂ ಗರಗರ ಸದ್ದು ಬರುತ್ತಲೇ ಇದ್ದರೆ ಲೈನರ್ ಶೂನಿಂದ ಕಿತ್ತು ಬಂದಿರಬಹುದು. ಆಗ ಓಡಿಸಬೇಡಿ. ಕಿತ್ತ ತುಂಡು ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಚಕ್ರ ಇದ್ದಕ್ಕಿದ್ದಂತೆ ಲಾಕ್ ಆಗುತ್ತದೆ.

ವಾರಕ್ಕೊಮ್ಮೆ ಮಾತ್ರ ಹೊರಗೆ ಬರುವ ಕಾರುಗಳಿಗೂ ಇದೇ ಕಾಟ. ಕುವೆಂಪುನಗರ, ಸರಸ್ವತಿಪುರಂ ಕಡೆ ನಿವೃತ್ತರ ಮನೆಯ ಕಾಂಪೌಂಡಿನಲ್ಲಿ ಇಂಥ ಕಾರು ಬೇಕಾದಷ್ಟು ಸಿಗುತ್ತವೆ, ನೋಡಲು ಹೊಸದರಂತೆ ಇರುತ್ತವೆ, ಹ್ಯಾಂಡ್‌ಬ್ರೇಕ್ ಮಾತ್ರ ವಾರವಿಡೀ ಎಳೆದೇ ಇರುತ್ತದೆ. ಸಮತಟ್ಟು ಜಾಗವಾದರೆ ಮೊದಲನೇ ಗೇರು, ಚಕ್ರಕ್ಕೊಂದು ಕಲ್ಲು ಸಾಕು.

ಹಿಂದಿನ ಎರಡೂ ಚಕ್ರ ಒಂದೇ ಸಮ ಕಾಯುತ್ತಿವೆ

ಮೊದಲ ಅನುಮಾನ ಹ್ಯಾಂಡ್‌ಬ್ರೇಕ್ ಮೇಲೆ. ಪೂರ್ತಿ ಕೆಳಗೆ ಇಳಿದಿದೆಯೇ ನೋಡಿ. ಹಳೆಯ ಕಾರಿನಲ್ಲಿ ಲಿವರ್ ಒಂದು ಹಲ್ಲಿನ ಮೇಲೆ ಉಳಿದಿರುತ್ತದೆ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಕೆಟ್ಟು ಎಷ್ಟೋ ಕಾಲವಾಗಿರುತ್ತದೆ, ಗೊತ್ತಾಗುವುದೇ ಇಲ್ಲ. ಲಿವರ್ ಒಂದು ಹಲ್ಲು ಎಳೆದು ದೀಪ ಹತ್ತುತ್ತದಾ ನೋಡಿ.

ಆಮೇಲೆ ತಳ್ಳುವ ಪರೀಕ್ಷೆ. ಪೂರ್ತಿ ಸಮತಟ್ಟಾದ ಜಾಗ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಕೆಳಗೆ, ಒಬ್ಬರು ಡ್ರೈವರ್ ಸೀಟಿನಲ್ಲಿ ಕಡ್ಡಾಯ. ಸಣ್ಣ ಕಾರನ್ನು ಒಬ್ಬರೇ ತಳ್ಳಿದರೆ ಅಲುಗಬೇಕು. ಇಬ್ಬರು ತಿಣುಕಿದರೂ ಬರದಿದ್ದರೆ ಬ್ರೇಕ್ ಹಿಡಿದಿದೆ.

ಈಗ ಜಾಕ್ ಹಾಕಿ ಖಚಿತ ಮಾಡಿಕೊಳ್ಳಿ. ಗಟ್ಟಿ ನೆಲ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ಸ್ಟ್ಯಾಂಡ್ ಇಲ್ಲದೆ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ, ಸ್ಟೆಪ್ನಿ ಜೊತೆ ಬರುವ ಜಾಕ್ ಚಕ್ರ ಬದಲಾಯಿಸುವುದಕ್ಕೆ ಮಾತ್ರ ಮಾಡಿದ್ದು. ಆಲ್ಟೋ, ಸ್ಯಾಂಟ್ರೋ ಥರ ಮುಂದಿನ ಚಕ್ರ ಎಳೆಯುವ ಕಾರಾದರೆ ಗೇರಿನಲ್ಲೇ ಬಿಟ್ಟು ಹಿಂದಿನ ಚಕ್ರ ತಿರುಗಿಸಬಹುದು. ಓಮ್ನಿ, ಅಂಬಾಸಡರ್, ಸುಮೋ ಆದರೆ ಇಂಜಿನ್ನಿನ ಬಲ ಹಿಂದಕ್ಕೆ ಹೋಗುವುದರಿಂದ ನ್ಯೂಟ್ರಲ್ ಮಾಡಲೇಬೇಕು. ಅಂದರೆ ಗೇರೂ ಇಲ್ಲ, ಹ್ಯಾಂಡ್‌ಬ್ರೇಕೂ ಇಲ್ಲ, ಕಲ್ಲೊಂದೇ ಗತಿ. ಅದಕ್ಕೇ ಕಲ್ಲು ಸರಿಯಾಗಿ ಕೊಡಿ.

ಚಕ್ರ ಕೈಯಲ್ಲಿ ತಿರುಗಿಸಿದಾಗ ಅಲ್ಲಲ್ಲಿ ಸಣ್ಣಗೆ ಸರ್ ಅಂದರೆ ಪರವಾಗಿಲ್ಲ, ಡ್ರಮ್ ಬ್ರೇಕಿನಲ್ಲಿ ಅದು ಮಾಮೂಲು. ಬಲ ಹಾಕಿ ತಿರುಗಿಸಬೇಕಾದರೆ ಅಥವಾ ಬಿಟ್ಟ ತಕ್ಷಣ ನಿಂತರೆ ಹಿಡಿದಿದೆ. ಇನ್ನೊಬ್ಬರಿಗೆ ಹೇಳಿ ಹ್ಯಾಂಡ್‌ಬ್ರೇಕ್ ಕೇಬಲ್ಲಿನ ನಟ್ ಸಡಿಲಿಸಿ. ಸಾಮಾನ್ಯವಾಗಿ ಇದು ಸೀಟುಗಳ ನಡುವೆ, ಲಿವರಿನ ಬುಡದ ಪ್ಲಾಸ್ಟಿಕ್ ಕವರಿನ ಕೆಳಗೆ ಸಿಗುತ್ತದೆ. ಎಷ್ಟು ಸುತ್ತು ಬಿಚ್ಚಿದಿರಿ ಎಂದು ನೆನಪಿಡಿ. ಚಕ್ರ ಸಲೀಸಾಯಿತಾ? ಹಾಗಾದರೆ ಕೇಬಲ್ ಜಾಸ್ತಿ ಬಿಗಿಯಾಗಿತ್ತು.

ಈ ಬಿಗಿತ ಎಲ್ಲಿಂದ ಬರುತ್ತದೆ ಅಂದರೆ, 'ಹ್ಯಾಂಡ್‌ಬ್ರೇಕ್ ಮೇಲಕ್ಕೆ ಬರ್ತಿದೆ' ಎಂದು ಹೇಳಿದ ತಕ್ಷಣ ಕೇಬಲ್ ನಟ್ ತಿರುಗಿಸಿ ಕಳಿಸುವ ಅಭ್ಯಾಸದಿಂದ. ಸರಿಯಾದ ಕ್ರಮ ಉಲ್ಟಾ. ಮೊದಲು ಡ್ರಮ್ಮಿನೊಳಗಿನ ಅಡ್ಜಸ್ಟರಿನಲ್ಲಿ ಶೂ ಹತ್ತಿರ ತರಬೇಕು, ಆಮೇಲೆ ಉಳಿದ ಸಡಿಲ ಕೇಬಲ್ಲಿನಲ್ಲಿ ತೆಗೆಯಬೇಕು. ಕೇಬಲ್ ಮೊದಲೇ ಬಿಗಿದರೆ ಒಳಗಿನ ಲಿವರ್ ತನ್ನ ಜಾಗಕ್ಕೆ ವಾಪಸ್ ಹೋಗುವುದಿಲ್ಲ, ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ಕೆಲಸ ನಿಲ್ಲಿಸುತ್ತದೆ, ಶೂ ಮಾತ್ರ ಡ್ರಮ್ಮಿಗೆ ತಾಗಿಕೊಂಡೇ ಇರುತ್ತದೆ. ಲಿವರ್ ಎಷ್ಟು ಹಲ್ಲು ಬರಬೇಕು ಎಂಬುದು ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲೇ ಇದೆ. ಒಂದು, ಎರಡನೇ ಹಲ್ಲಿಗೇ ಗಟ್ಟಿ ನಿಂತರೆ ಖುಷಿ ಪಡಬೇಡಿ, ಅದು ಅನುಮಾನದ ಗುರುತು.

ಇತ್ತೀಚೆಗಷ್ಟೇ ಶೂ ಹಾಕಿಸಿದ್ದು, ಅವತ್ತಿನಿಂದಲೇ ಕಾಯಲು ಶುರುವಾಗಿದ್ದರೆ ಅಡ್ಜಸ್ಟರ್ ಜಾಸ್ತಿ ಉದ್ದ ಮಾಡಿ ಶೂ ಡ್ರಮ್ಮಿಗೆ ತಾಗಿಸಿಬಿಟ್ಟಿರಬಹುದು. ಹಾಕಿದವರ ಬಳಿಗೇ ವಾಪಸ್ ಹೋಗಿ, 'ಅಣ್ಣ, ಚಕ್ರ ಎತ್ತಿ ನನ್ನೆದುರಿಗೇ ಒಂದ್ಸಲ ತಿರುಗಿಸಿ' ಅನ್ನಿ.

ಒಂದೇ ಚಕ್ರ ಕಾಯುತ್ತಿದೆ

ಮಂಡ್ಯ ಸುತ್ತಲಿನ ಹಳ್ಳಿ ಕಾರುಗಳಲ್ಲಿ ಮೊದಲು ನೋಡಬೇಕಾದ್ದು ಕೇಬಲ್. ನಾಲೆ ಏರಿಯ ಮೇಲೆ, ಗದ್ದೆ ಬದುವಿನ ದಾರಿಯಲ್ಲಿ ಓಡಾಡಿದ ಗಾಡಿಯ ಕೆಳಗೆ ಕೆಸರು ಮೆತ್ತಿಕೊಂಡೇ ಇರುತ್ತದೆ. ಕೇಬಲ್ಲಿನ ಹೊರಕವಚ ಎಲ್ಲೋ ಒಂದು ಕಡೆ ಸೀಳುತ್ತದೆ, ನೀರು ಇಳಿಯುತ್ತದೆ, ಒಳಗಿನ ತಂತಿ ತುಕ್ಕು ಹಿಡಿದು ಉಬ್ಬುತ್ತದೆ. ಎಳೆದಾಗ ಬರುತ್ತದೆ, ಬಿಟ್ಟಾಗ ವಾಪಸ್ ಹೋಗುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಬಿಡಿಸಿ, ಎರಡೂ ಕಡೆಯ ಕೇಬಲ್ ಸಡಿಲವಾಯಿತಾ ಎಂದು ಹೋಲಿಸಿ ನೋಡಿ. ಒಂದು ಕಡೆ ಬಿಗಿಯಾಗಿಯೇ ಇದ್ದರೆ ಸಿಕ್ಕಿತು. ಎಣ್ಣೆ ಬಿಟ್ಟು ಎಳೆದಾಡಿದರೆ ಕೆಲವು ದಿನ ಓಡುತ್ತದೆ, ಮಳೆ ಬಂದರೆ ಮತ್ತೆ ಅದೇ ಪಾಡು. ಬದಲಾಯಿಸಿಬಿಡಿ, ಕೇಬಲ್ಲಿಗೆ ದೊಡ್ಡ ಖರ್ಚೇನೂ ಇಲ್ಲ.

ಕೇಬಲ್ ಚೆನ್ನಾಗಿದ್ದರೆ ಡ್ರಮ್ ಬಿಚ್ಚಲೇಬೇಕು. ಅದನ್ನು ಕೆಳಗೆ ಬರೆದಿದ್ದೇನೆ.

ಮೊದಲು ಸರಿ ಇರುತ್ತದೆ, ಓಡುತ್ತಾ ಓಡುತ್ತಾ ಹಿಡಿಯುತ್ತದೆ

ಇದು ಬೇರೆಯೇ ಜಾತಿ. ಬ್ರೇಕ್ ಆಯಿಲ್ ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿರಬಹುದು. ಬಿಸಿಯಾದಂತೆ ಆಯಿಲ್ ಹಿಗ್ಗುತ್ತದೆ, ಹಿಂದಕ್ಕೆ ಹೋಗಲು ದಾರಿ ಇಲ್ಲ, ಶೂ ಇನ್ನಷ್ಟು ಒತ್ತಿಕೊಳ್ಳುತ್ತದೆ. ಪೆಡಲ್ ದಿನಕ್ಕಿಂತ ಗಟ್ಟಿಯಾಗಿ, ಮೇಲೆಯೇ ನಿಲ್ಲುತ್ತದೆ. ನಿಲ್ಲಿಸಿ ಚಹಾ ಕುಡಿದು ಬಂದರೆ ತಾನಾಗಿ ಬಿಟ್ಟಿರುತ್ತದೆ. ಗ್ಯಾರೇಜಿಗೆ ಹೋಗುವ ಹೊತ್ತಿಗೆ ಏನೂ ಇರುವುದಿಲ್ಲ, 'ಏನಿಲ್ಲ ಸಾರ್, ಚೆನ್ನಾಗೇ ಇದೆ' ಅನ್ನುತ್ತಾರೆ.

ಹಿಡಿದಿರುವಾಗಲೇ ಮಾಡಬೇಕಾದ ಪರೀಕ್ಷೆ ಒಂದಿದೆ. ಗಾಡಿ ಎತ್ತಿ, ಡ್ರಮ್ ಸ್ವಲ್ಪ ತಣಿದ ಮೇಲೆ, ಚಕ್ರ ಇನ್ನೂ ಬಿಗಿಯಾಗಿರುವಾಗಲೇ ಬ್ಲೀಡಿಂಗ್ ನಿಪ್ಪಲ್ (ಚಕ್ರದ ಹಿಂದೆ ಆಯಿಲ್, ಗಾಳಿ ಹೊರಬಿಡಲು ಇರುವ ಪುಟ್ಟ ತಿರುಪು) ಅರ್ಧ ಸುತ್ತು ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ದೋಷ ಇರುವುದು ಆಯಿಲ್ ಹಾದಿಯಲ್ಲಿ. ಬಿಡದಿದ್ದರೆ ಕೇಬಲ್ಲು, ಸ್ಪ್ರಿಂಗು, ಶೂ, ಇಲ್ಲವೇ ಜಾಮ್ ಆದ ವೀಲ್ ಸಿಲಿಂಡರಿನ ಪಿಸ್ಟನ್. ಚಿಮ್ಮುವ ಆಯಿಲ್ ಬಿಸಿ ಇರಬಹುದು, ಕಣ್ಣಿಗೆ ಕನ್ನಡಕ ಇರಲಿ, ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ. ಬಿಚ್ಚಿ ಅನುಭವ ಇಲ್ಲದವರು ಇದನ್ನು ಮೆಕ್ಯಾನಿಕ್ ಕೈಲಿ ಮಾಡಿಸಿ, ಆಮೇಲೆ ಏರ್ ತೆಗೆಯಲೇಬೇಕು.

ಆಯಿಲ್ ಹಾದಿಯ ದೋಷವಾದರೆ ನಿಮ್ಮ ಚೀಟಿ ನೋಡಿ. ಒಂದೇ ಚಕ್ರವಾದರೆ ಅಲ್ಲಿಗೆ ಹೋಗುವ ರಬ್ಬರ್ ಹೋಸ್ ಪೈಪ್. ಹಳೆಯದಾದರೆ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಊದಿಕೊಂಡು ಕವಾಟದಂತೆ ಆಗಿಬಿಡುತ್ತದೆ, ಕಾಲಿನ ಬಲಕ್ಕೆ ಆಯಿಲ್ ಮುಂದೆ ಹೋಗುತ್ತದೆ, ಸ್ಪ್ರಿಂಗಿನ ಬಲಕ್ಕೆ ಹಿಂದೆ ಬರುವುದಿಲ್ಲ. ಎಡ ಹಿಂದಿನದು ಮತ್ತು ಬಲ ಮುಂದಿನದು ಜೊತೆಯಾಗಿ ಕಾಯುತ್ತಿದ್ದರೆ ಪೆಡಲ್ ಒತ್ತಿದಾಗ ಆಯಿಲ್ಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ನೋಡಿಸಿ, ಏಕೆಂದರೆ ಮುಂದಿನ ಚಕ್ರ ಎಳೆಯುವ ಹಲವು ಕಾರುಗಳಲ್ಲಿ ಬ್ರೇಕ್ ಪೈಪುಗಳನ್ನು ಹೀಗೆ ಓರೆಯಾಗಿಯೇ ಜೋಡಿ ಮಾಡಿರುತ್ತಾರೆ. ನಾಲ್ಕೂ ಕಾಯುತ್ತಿದ್ದರೂ ಮಾಸ್ಟರ್ ಸಿಲಿಂಡರೇ, ಅಥವಾ ಪೆಡಲ್ಲಿಗೆ ಇರಬೇಕಾದ ಸ್ವಲ್ಪ ಆಟ ಇಲ್ಲದಿರುವುದು.

ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸುವ ಕಾಲ ಎಂದೋ ಮುಗಿದಿದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 (DOT 3) ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಮುಚ್ಚಳದ ಒಳಗಿನ ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಯಾರೋ ಇಂಜಿನ್ ಆಯಿಲ್ಲೋ ಪವರ್ ಸ್ಟೀರಿಂಗ್ ಆಯಿಲ್ಲೋ ಸುರಿದಿದ್ದಾರೆ. ಆಗ ಓಡಿಸುವುದು ನಿಲ್ಲಿಸಿ. ಒಳಗಿನ ಎಲ್ಲ ರಬ್ಬರೂ ಹೀಗೇ ಉಬ್ಬಿರುತ್ತದೆ, ಸಣ್ಣ ರಿಪೇರಿಯಲ್ಲಿ ಮುಗಿಯುವುದಿಲ್ಲ.

ಟೈರಿನ ಒಳಮೈ ಒದ್ದೆ

ನೀರಿನಂತೆ ತೆಳ್ಳಗಿದ್ದು ಬೆರಳಿಗೆ ಜಾರಿದರೆ ಬ್ರೇಕ್ ಆಯಿಲ್, ವೀಲ್ ಸಿಲಿಂಡರ್ ಸೋರುತ್ತಿದೆ. ಮಂದವಾಗಿದ್ದು ಗಂಧಕದ ಘಾಟು ಇದ್ದರೆ ಓಮ್ನಿ, ಅಂಬಾಸಡರ್ ಥರದ ಗಾಡಿಯಲ್ಲಿ ಆಕ್ಸಲ್ ಸೀಲ್ ಹೋಗಿ ಗೇರ್ ಆಯಿಲ್ ಬರುತ್ತಿದೆ. ಎರಡರಲ್ಲಿ ಯಾವುದಾದರೂ ಸರಿ, ಗಾಡಿ ಅಲ್ಲೇ ಬಿಡಿ. ಎಣ್ಣೆ ಕುಡಿದ ಲೈನರ್ ಒಮ್ಮೆ ಜಾರುತ್ತದೆ, ಒಮ್ಮೆ ಗಬಕ್ಕನೆ ಹಿಡಿಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಭಾಗ ತಿರುಗಿಬಿಡುತ್ತದೆ. ಆ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ.

ಗುಂಯ್ ಸದ್ದು, ನಡು ಭಾಗವೇ ಜಾಸ್ತಿ ಬಿಸಿ

ಬ್ರೇಕ್ ಅಲ್ಲ, ಬೇರಿಂಗ್ ಇರಬಹುದು. ಚಕ್ರ ಎತ್ತಿ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿ. ಕಟಕಟ ಆಟ ಇದ್ದರೆ, ತಿರುಗಿಸಿದಾಗ ಮರಳು ಸಿಕ್ಕಿದಂತೆ ಒರಟಾಗಿದ್ದರೆ ಬೇರಿಂಗ್ ಹೋಗಿದೆ. ಬಹಳ ದಿನ ಕಾದ ಬ್ರೇಕ್ ಕೂಡ ಗ್ರೀಸ್ ಕರಗಿಸಿ ಬೇರಿಂಗ್ ಹಾಳು ಮಾಡುತ್ತದೆ, ಹಾಗಾಗಿ ಬೇರಿಂಗ್ ಹಾಕಿಸುವಾಗ ಬ್ರೇಕನ್ನೂ ನೋಡಿಸಿ.

ಡ್ರಮ್ ಬಿಚ್ಚಿದ ಮೇಲೆ ಏನು ನೋಡಬೇಕು

ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಇನ್ನೊಂದು ಕಡೆ ಹಾಗೇ ಇದ್ದರೆ ಯಾವ ಸ್ಪ್ರಿಂಗ್ ಎಲ್ಲಿತ್ತು ಎಂದು ನೋಡಿಕೊಳ್ಳಬಹುದು. ಫೋಟೋ ತೆಗೆದಿಡಿ. ಡ್ರಮ್ ಬರದಿದ್ದರೆ ಸುತ್ತಿಗೆಯಲ್ಲಿ ಬಾರಿಸುವ ಮೊದಲು ಅದರ ಮುಖದಲ್ಲಿ ಬೋಲ್ಟ್ ಹಾಕಲು ಥ್ರೆಡ್ ಇರುವ ಎರಡು ತೂತು ಇದೆಯಾ ನೋಡಿ, ಸರಿಯಾದ ಬೋಲ್ಟ್ ಹಾಕಿ ಸಮವಾಗಿ ತಿರುಗಿಸಿದರೆ ತಾನೇ ಎದ್ದು ಬರುತ್ತದೆ. ಕೆಲವು ಹಳೆಯ ಮಾಡೆಲ್‌ಗಳಲ್ಲಿ ಬೇರಿಂಗ್ ಡ್ರಮ್ಮಿನೊಳಗೇ ಇರುತ್ತದೆ, ನಡುವಿನ ನಟ್ ಬಿಚ್ಚದೆ ಬರುವುದಿಲ್ಲ. ಅಂಥದ್ದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ.

ಒಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಸಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಇಲ್ಲವೇ ಸೋಪು ನೀರಿನಿಂದ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ. ಡ್ರಮ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ಮುಟ್ಟಬಾರದು. ಪಿಸ್ಟನ್ ಹೊರಗೆ ಹಾರಿ ಬರುತ್ತದೆ.

ಈಗ ಟಾರ್ಚ್ ಬಿಟ್ಟು ನಿಧಾನ ನೋಡಿ. ಡ್ರಮ್ಮಿನ ಒಳಮೈಯಲ್ಲಿ ನವಿಲುಗರಿಯಂಥ ನೀಲಿ ಮಚ್ಚೆ ಇದ್ದರೆ ಬಹಳ ಕಾದಿದೆ, ಕೂದಲೆಳೆಯ ಬಿರುಕು ಕಂಡರೆ ಆ ಡ್ರಮ್ ಗುಜರಿಗೆ. ಬಿರುಕಿಲ್ಲದೆ ಬರೀ ಗೆರೆ ಬಿದ್ದಿದ್ದರೆ ಲೇತಿನಲ್ಲಿ ಕೆತ್ತಿಸಬಹುದು, ಆದರೆ ಡ್ರಮ್ಮಿನ ಮೇಲೆ ಗರಿಷ್ಠ ಅಳತೆ ಅಚ್ಚಾಗಿದ್ದರೆ ಅದನ್ನು ದಾಟಬಾರದು. ಲೈನರ್ ಗಾಜಿನಂತೆ ಹೊಳೆಯುತ್ತಿದ್ದರೆ ಸುಟ್ಟು ಗಟ್ಟಿಯಾಗಿದೆ. ರಿಟರ್ನ್ ಸ್ಪ್ರಿಂಗಿನ ಸುರುಳಿಗಳ ನಡುವೆ ಸಂದು ಬಿಟ್ಟಿದ್ದರೆ ಅದರ ಎಳೆತ ಹೋಗಿದೆ. ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚು ಬೆರಳಿನಿಂದ ಸರಿಸಿ ನೋಡಿ, ಒಳಗೆ ಒದ್ದೆ ಇದ್ದರೆ ಸೋರುತ್ತಿದೆ, ಕಂದು ತುಕ್ಕು ಇದ್ದರೆ ಪಿಸ್ಟನ್ ಒಂದು ಕಡೆ ಕಚ್ಚಿಕೊಂಡಿದೆ. ಕೊನೆಗೆ ಶೂ ಕೂರುವ ಹಿಂದಿನ ತಗಡು. ಶೂ ಉಜ್ಜಿ ಉಜ್ಜಿ ಅಲ್ಲಿ ಹಳ್ಳ ಬಿದ್ದಿರುತ್ತದೆ, ಶೂ ಅಂಚು ಆ ಹಳ್ಳಕ್ಕೆ ಸಿಕ್ಕಿಕೊಂಡು ವಾಪಸ್ ಬರುವುದಿಲ್ಲ. ಇದನ್ನು ನೋಡುವವರು ಕಮ್ಮಿ, ನನ್ನ ಪ್ರಕಾರ 'ಎಲ್ಲಾ ಹೊಸದು ಹಾಕಿಸಿದೆ, ಆದ್ರೂ ಕಾಯುತ್ತೆ' ಎಂಬ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದೇ. ಅರದಿಂದ ಸಮ ಮಾಡಿ, ಬಿಸಿ ತಡೆಯುವ ಗ್ರೀಸ್ ಚೂರೇ ಚೂರು ಹಚ್ಚಿ. ಲೈನರಿಗೆ ಸೋಕಬಾರದು.

ಶೂ ಮತ್ತು ಸ್ಪ್ರಿಂಗ್ ಯಾವಾಗಲೂ ಎರಡೂ ಕಡೆಗೆ ಒಟ್ಟಿಗೆ ಹಾಕಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಆದರೆ ಎಳೆತ ಒಂದೇ ಸಮ ಇರುವುದಿಲ್ಲ.

ಕೆಲಸ ಮುಗಿದ ಮೇಲೆ ಮೊದಲು ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಮನೆ ಮುಂದಿನ ಬೀದಿಯಲ್ಲಿ ನಿಧಾನ ಓಡಿಸಿ ನಿಲ್ಲುತ್ತದಾ ನೋಡಿ, ಆಮೇಲಷ್ಟೇ ದೊಡ್ಡ ರಸ್ತೆ. ಅದೇ ಹತ್ತು ಕಿಲೋಮೀಟರ್, ಅದೇ ಅಂಗೈ ಪರೀಕ್ಷೆ. ಹೊಸ ಶೂ ಕೂರುವವರೆಗೆ ಸ್ವಲ್ಪ ಬಿಸಿ, ಸ್ವಲ್ಪ ವಾಸನೆ ಇದ್ದೇ ಇರುತ್ತದೆ, ಆದರೆ ಎಡಬಲ ಎರಡೂ ಹೆಚ್ಚುಕಮ್ಮಿ ಒಂದೇ ಥರ ಇರಬೇಕು. ಮೇಲುಕೋಟೆಗೋ ಚಾಮುಂಡಿ ಬೆಟ್ಟಕ್ಕೋ ಹೋಗುವುದಿದ್ದರೆ ಇದಾದ ಮೇಲೆ ಹೋಗಿ. ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ, ಪೆಟ್ರೋಲ್ ಉಳಿಯುತ್ತದೆ ಅಂತ ಇಂಜಿನ್ ಆಫ್ ಮಾಡಬೇಡಿ, ಆಫ್ ಆದರೆ ಪೆಡಲ್ ಹಗುರ ಮಾಡುವ ಬೂಸ್ಟರಿನ ಸಹಾಯ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ವಾಪಸ್ ಬಂದು ಮತ್ತೆ ಅದೇ ಚಕ್ರವೇ ಕಾದಿದ್ದರೆ ಇನ್ನೊಂದು ಸಲ ಶೂ ಬದಲಾಯಿಸಲು ಒಪ್ಪಬೇಡಿ. ನಿಪ್ಪಲ್ ಪರೀಕ್ಷೆ ಮಾಡಿಸಿ, ಹೋಸ್ ಪೈಪ್ ಮತ್ತು ಹಿಂದಿನ ತಗಡು ಎರಡನ್ನೂ ನಿಮ್ಮ ಕಣ್ಣೆದುರಿಗೇ ತೋರಿಸಲು ಹೇಳಿ.